ಒಂದಕ್ಷರ ಆಚೀಚೆ

ಬೈತಖೋಲ ಧಕ್ಕೆಯ ಎದುರು, ಎರಡನೇ ಮಹಡಿ.
ದೋಣಿ ಲೈಸೆನ್ಸಿನ ಹಳೇ ಕೋಡು,
ಹನ್ನೊಂದು ವರ್ಷ, ಎಷ್ಟೋ ಕೈ.
ರಿಸೀವ್ ಅನ್ನುವಲ್ಲಿ ಇ ಮತ್ತು ಐ
ನಾನೂರ ಹದಿನಾರು ಕಡೆ
ಜಾಗ ಅದಲುಬದಲಾಗಿ ಕೂತಿವೆ.

ಒಂದೇ ಏಟಿಗೆ ಬದಲಿಸಬಹುದಿತ್ತು.
ತಾರ್ಲಿ ತಿನ್ನುವವಳ ಹಾಗೆ
ನಾಲಿಗೆ ತುದಿಯಿಂದ ಒಂದೊಂದೇ ಮುಳ್ಳು ತೆಗೆದೆ.
ಒಂದು ಕಡೆ ಟಿಪ್ಪಣಿ:
‘ನಾಳೆ ಸರಿಮಾಡುವೆ. ಉಲ್ಲಾಸ ಬಾನಾವಳಿ.’
ಆ ನಾಳೆಗೆ ಈಗ ಒಂಬತ್ತು ವರ್ಷ.

ಮಧ್ಯಾಹ್ನ ಮೂರಕ್ಕೆ ಇನ್ನೊಂದನ್ನು ತಿದ್ದಿದ್ದೇ ತಡ
ಅಂಕೋಲೆಯ ಕಂಪ್ಯೂಟರು ಮಾತು ಬಿಟ್ಟಿತು.
ಅದು ಓಗೊಡುತ್ತಿದ್ದದ್ದು
ಆ ತಪ್ಪು ಹೆಸರಿಗೇ.

ಕಿಟಕಿಯ ಕೆಳಗೆ ಡೀಸೆಲ್ ಕುಡಿಯುತ್ತಿದೆ ‘ಜಲಪತ್ರಿ’,
ಪೇಂಟರು ಕೊಂಬು ಮರೆತ ಜಲಪುತ್ರಿ.
ಅಳಿಸಲು ಬಿಡರು ತಾಂಡೇಲ ಮಾಮ:
‘ಮೀನು ಬಿದ್ದದ್ದು ಈ ಹೆಸರಿಗೆ ಮಾರಾಯ್ತಿ.’
ಕಾರವಾರವೂ, ಹೇಳುತ್ತಾರೆ,
ಯಾರೋ ಕಡವಾಡವನ್ನು
ಅರ್ಧ ಕಿವಿಯಲ್ಲಿ ಕೇಳಿ ಬರೆದುಕೊಂಡದ್ದಂತೆ.

ಇ, ಐ ಎರಡನ್ನೂ ಎತ್ತಿ
ಮತ್ತೆ ತಪ್ಪಿನ ಜಾಗದಲ್ಲೇ ಕೂರಿಸಿದೆ.
ಅಂಕೋಲೆ ಕೆಮ್ಮಿ, ಎದ್ದಿತು.
ಮೇಲೊಂದು ಸಾಲು ಹಾಕಿದೆ:
‘ಗೊತ್ತಿದೆ. ಮುಟ್ಟಬೇಡಿ.’
ಕೆಳಗೆ ನನ್ನ ಹೆಸರು.
ನಾಳೆ ಎಂದು ಬರೆಯಲಿಲ್ಲ.