ಎರಡನೆಯ ಪೆಟ್ಟಿಗೆ

ಬೈಕಂಪಾಡಿಯ ಎಣ್ಣೆ ಕಾರ್ಖಾನೆ, ಮೂರನೇ ಪಾಳಿ.
ಗಾಜಿನಾಚೆ ತಣ್ಣಗಿನ ಕೋಣೆ.
ಬೂದು ಕಪಾಟಿನ ಬಾಗಿಲು ತೆಗೆದರೆ
ಅಕ್ಕಪಕ್ಕ ಎರಡು ಪೆಟ್ಟಿಗೆ, ಒಂದೇ ಅಚ್ಚು, ಒಂದೇ ತೂಕ.
ಎ ಆಳುತ್ತದೆ. ಬಿ ನೋಡುತ್ತದೆ.

ಆಳುವುದೇನೆಂದು ಎಲ್ಲರಿಗೂ ಗೊತ್ತು:
ಬಾಯ್ಲರಿಗೆ ಗೇರುಸಿಪ್ಪೆ ಎಷ್ಟು, ಉಗಿ ಎಷ್ಟು,
ತಾಳೆಣ್ಣೆಯ ಗೋಪುರದಲ್ಲಿ ಇನ್ನೂರೈವತ್ತು ಡಿಗ್ರಿ
ಅತ್ತಿತ್ತ ಅಲುಗದಂತೆ
ಕವಾಟಗಳ ಕಿವಿ ಹಿಂಡುವುದು.

ನೋಡುವುದೇ ಕಷ್ಟ.
ಎ ಎಣಿಸಿದ್ದನ್ನೇ ಎಣಿಸಬೇಕು,
ಅದೇ ಮೊತ್ತಕ್ಕೆ ಬರಬೇಕು,
ಬಂದ ಮೇಲೆ ಕೈಕಟ್ಟಿ ಕೂರಬೇಕು.
ಸೆಕೆಂಡಿಗೆ ಇಪ್ಪತ್ತು ಸಲ.
ಹನ್ನೊಂದು ವರ್ಷ.

ನಾನಿಲ್ಲಿ ರಿಲೀವರ್.
ಹಾಜರಿ ಪುಸ್ತಕದಲ್ಲಿ ನನ್ನ ಸಾಲು ಪೆನ್ಸಿಲಿನದು.
ಲಿಗೋರಿಯ ಮಗಳ ರೋಸು ಎಂದರೆ ನಾನು,
ಶೇಖಬ್ಬನಿಗೆ ಜ್ವರ ಎಂದರೆ ನಾನು,
ಮೋನಪ್ಪಣ್ಣ ದವಡೆಹಲ್ಲು ಕೀಳಿಸಿಕೊಂಡ ವಾರ ಪೂರ್ತಿ ನಾನು.
ಯಾರಿಗೂ ಏನೂ ಆಗದ ದಿನ
ಪಣಂಬೂರಿನ ಮರಳಲ್ಲಿ ಫೋನು ಹಿಡಿದು ಕೂತಿರುತ್ತೇನೆ,
ಹಡಗು ಎಣಿಸುತ್ತ, ಸಂಬಳವಿಲ್ಲದೆ.
ಬಿಗೆ ಕೊನೇ ಪಕ್ಷ ಕರೆಂಟು ಸಿಗುತ್ತದೆ,
ಇಪ್ಪತ್ತನಾಲ್ಕು ವೋಲ್ಟು,
ಎಗೆ ಎಷ್ಟೋ ಅಷ್ಟೇ.

ಮಾತು ಹರಿಯುವ ತಂತಿಗಳೂ ಎರಡು.
ಹಳದಿಯದು ಪೈಪುಗಳ ಬೆನ್ನೇರಿ ಮೇಲಿಂದ,
ನೀಲಿಯದು ಕ್ಯಾಂಟೀನಿನ ಹಿಂದೆ ಚರಂಡಿಗುಂಟ,
ಏಡಿಗಳ ಜೊತೆ.
ಒಂದೇ ಜೇಸಿಬಿಯ ಬಾಯಿಗೆ ಎರಡೂ ಬೀಳಬಾರದೆಂದು
ಹಾದಿ ಬೇರೆ ಮಾಡಿಸಿದವರು ಮೋನಪ್ಪಣ್ಣ.
‘ಅಣ್ಣ ತಮ್ಮ ಒಂದೇ ದೋಣಿ ಹತ್ತಬಾರದು ಮಾರಾಯ,
ನಮ್ಮ ಬೊಕ್ಕಪಟ್ಣಕ್ಕೆ ಇದನ್ನು ಇಂಜಿನಿಯರು ಹೇಳಿಕೊಡಬೇಕಾ?’
ಎಂದವರು ಮತ್ತೆ ತುಂಬ ಹೊತ್ತು ಮಾತಾಡಲಿಲ್ಲ.
ದೋಣಿ ಹತ್ತಿದ್ದು ಯಾರು, ನಾನು ಕೇಳಲಿಲ್ಲ.

ಮೊನ್ನೆ, ಬೆಳಗಿನ ಜಾವ ಮೂರೂ ಹನ್ನೆರಡು.
ಕಡಲ ಗಾಳಿಯ ಉಪ್ಪು ಎಷ್ಟು ಮಳೆಗಾಲದಿಂದ ನೆಕ್ಕುತ್ತಿತ್ತೋ,
ಎಯ ಬೆನ್ನಿನ ತಾಮ್ರದ ಮುಳ್ಳೊಂದು
ಹಸಿರುಗಟ್ಟಿ, ಸುಮ್ಮನಾಯಿತು.
ನಾನು ಚಾ ಸೋಸುತ್ತಿದ್ದೆ.

ಉಗಿ ಅಲುಗಲಿಲ್ಲ. ಗೋಪುರ ಅಲುಗಲಿಲ್ಲ.
ತೆರೆಯ ಮೇಲಿನ ಗೆರೆ
ಅಡಿಕೋಲಿಟ್ಟು ಎಳೆದಂತೆ ಬರುತ್ತಿದ್ದದ್ದು
ಹಾಗೆಯೇ ಮುಂದೆ ಹೋಯಿತು.
ಒಂದು ಹಸಿರು ದೀಪ ಮಾತ್ರ
ಇಲ್ಲಿಂದೆದ್ದು ಅಲ್ಲಿ ಹೋಗಿ ಕೂತಿತು.
ಲೋಟಕ್ಕೆ ಕೊನೆಯ ಹನಿ ಬೀಳುವ ಮೊದಲೇ
ಬಿ ಆಳುತ್ತಿತ್ತು,
ಯಾವತ್ತೂ ತಾನೇ ಆಳುತ್ತಿದ್ದ ಹಾಗೆ.

ಕಾರ್ಖಾನೆ ಓಡುತ್ತಿರುವಾಗಲೇ ಎಳೆಯಬಹುದು ಇವನ್ನು:
ಎರಡು ತಿರುಪು, ಒಂದು ಅಗುಳಿ.
ಎ ಕೈಗೆ ಬಂತು. ಇನ್ನೂ ಬೆಚ್ಚಗಿತ್ತು
ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯಂತೆ.
ಸ್ಟೋರಿನಿಂದ ತಂದ ಹೊಸದನ್ನು ಅದೇ ಗೂಡಿಗೆ ತೂರಿಸಿದೆ.
ಅದಕ್ಕೆ ಏನೂ ಗೊತ್ತಿಲ್ಲ.
ಬಾಯ್ಲರು ಗೊತ್ತಿಲ್ಲ, ಗೇರುಸಿಪ್ಪೆ ಗೊತ್ತಿಲ್ಲ,
ಏಳನೇ ಕವಾಟ ಸೋಮಾರಿಯೆಂಬುದು ಗೊತ್ತಿಲ್ಲ.
ಬಿ ತನ್ನ ನೆನಪನ್ನೆಲ್ಲ ಅದರ ಬಾಯಿಗೆ ಸುರಿಯತೊಡಗಿತು,
ನಾಲ್ಕು ನಿಮಿಷ, ಆಳುತ್ತಲೇ, ಎಡಗೈಯಲ್ಲಿ ಎಂಬಂತೆ.
ಹಳದಿ ದೀಪ ಮಿನುಗಿ ಮಿನುಗಿ ನಿಂತಿತು.
ಈಗ ಹೊಸದು ನೋಡುತ್ತದೆ.

ಆರಕ್ಕೆ ಮೋನಪ್ಪಣ್ಣ ಬಂದರು,
ಒದ್ದೆ ರೈನ್‌ಕೋಟು, ಬಗಲಲ್ಲಿ ಹೆಲ್ಮೆಟ್ಟು.
‘ದಾದ ವಿಶೇಷ?’
‘ದಾಲ ಇಜ್ಜಿ.’
ಲಾಗ್ ಪುಸ್ತಕ ಅವರತ್ತ ತಿರುಗಿಸಿದೆ:
ಮೂರೂ ಹನ್ನೆರಡಕ್ಕೆ ಎ ಹೋಯಿತು. ಬಿ ಇತ್ತು.

ಓದಿದರು. ಕಪಾಟಿನ ಮುಂದೆ ಹೋಗಿ ನಿಂತರು,
ಒಂದು ದೀಪವನ್ನೇ ನೋಡುತ್ತ ತುಂಬ ಹೊತ್ತು,
ದಡದಲ್ಲಿ ನಿಂತವರ ಹಾಗೆ ಕಣ್ಣು ಕಿರಿದು ಮಾಡಿ.
ಆಮೇಲೆ, ಬೆನ್ನು ತಿರುಗಿಸದೆಯೇ,
ಚಾ ಉಂಟಾ ಅಂದರು.

ಉಂಟು, ಅಂದೆ. ತಣಿದಿದೆ.