ಮೂರು ಕಾಲಿನ ಮೀನು

ತಿಂಗಳಿಗೊಮ್ಮೆ ಕೊರಿಯರಿನಲ್ಲಿ ಒಂದು ಹಾರ್ಡ್ ಡಿಸ್ಕು ಬರುತ್ತದೆ.
ಅದರೊಳಗೆ ಸಮುದ್ರ.
ಮೀನು ಕಂಡರೆ ಗಂಟೆ, ನಿಮಿಷ,
ಏನು ಮಾಡುತ್ತಿತ್ತು, ಬರೆಯಬೇಕು. ಅಷ್ಟೇ ನನ್ನ ಕೆಲಸ.
ಮರಡಿಹಳ್ಳಿಯಿಂದ ಕಡಲಿಗೆ ಇಡೀ ಹಗಲಿನ ಬಸ್ಸು;
ನಾನಿನ್ನೂ ಕಾಲು ತೋಯಿಸಿಕೊಂಡಿಲ್ಲ.
ಊರಾಚೆ ದಿಂಬು ಒಟ್ಟಿದಂಥ ಕಲ್ಲುಗಳಿವೆ,
ನೀರಿನ ತಳದಲ್ಲಿ ಬೆಂಕಿ ಉಕ್ಕಿ ಆರಿದವು.
ಅಂದರೆ ಕಡಲೇ ಒಮ್ಮೆ ಇಲ್ಲಿತ್ತು.
ಮೀನು ಹುಟ್ಟುವ ಮೊದಲೇ ಎದ್ದು ಹೋಯಿತು.

ಮೊದಲ ನಾಲ್ಕು ತಾಸು ಏನೂ ಇಲ್ಲ.
ಬೂದಿಯಂಥ ಕೆಸರು. ಮೇಲಿಂದ ಬೀಳುತ್ತಲೇ ಇರುವ ಬಿಳಿ ಪುಡಿ,
ಸತ್ತದ್ದರ ಚೂರು, ತಿಂದು ಬಿಟ್ಟದ್ದರ ಚೂರು,
ಗಿರಣಿಯ ಜೇಡರಬಲೆಗೆ ಹಿಟ್ಟು ಕೂತ ಹಾಗೆ, ಸದ್ದಿಲ್ಲದೆ.
'ಏನೂ ಇಲ್ಲ' ಎಂದು ಬರೆದೆ. ಅದಕ್ಕೂ ಸಂಬಳ ಇದೆ.

ಆಮೇಲೆ ಅದು.
ಈಜುತ್ತಿರಲಿಲ್ಲ. ನಿಂತಿತ್ತು.
ಹೊಟ್ಟೆಯಡಿಯ ಎರಡು ರೆಕ್ಕೆ, ಬಾಲದ್ದೊಂದು,
ಸೈಕಲ್ ಕಡ್ಡಿಗಿಂತ ಸಣ್ಣ ಮೂರು ಕೋಲು ಕೆಸರಿಗೆ ಊರಿ
ನೀರು ಹರಿದು ಬರುವ ಕಡೆಗೇ ಮುಖ.
ಕಣ್ಣು ಎರಡು ಸಾಸಿವೆ, ಇದ್ದೂ ಇಲ್ಲ.
ಕಿವಿರ ಹಿಂದಿನ ರೆಕ್ಕೆ ಎಳೆಎಳೆಯಾಗಿ ಬಿಡಿಸಿ
ಮುಂದಕ್ಕೆ ಚಾಚಿತ್ತು, ಯಾರೋ ಏನೋ ಕೊಡುವವರಿದ್ದ ಹಾಗೆ.

ಗಾದ್ರಪ್ಪ ಮಾವ ಟೀ ಲೋಟ ಹಿಡಿದು ಬಂದ.
ಇಂಗಳದಾಳಿನ ತಾಮ್ರದ ಗಣಿಗೆ ಹತ್ತೊಂಬತ್ತು ವರ್ಷ ಇಳಿದವನು.
("ಊರ ಹೆಸರಾಗೇ ಇಂಗಳ ಐತೆ, ಆಳ ಐತೆ, ಆಳೂ ಐತೆ"
ಅನ್ನುತ್ತಾನೆ, ಕುಡಿಯದಿದ್ದಾಗಲೂ.)
ಲೋಟ ಮೇಜಿನ ಮೇಲಿಟ್ಟು ನೋಡಿದ. ಕೂರಲಿಲ್ಲ.

"ಅದರ ಲ್ಯಾಂಪ್ ಕೆಟ್ಟೈತೆ" ಅಂದ.
ಅಲ್ಲಿ ಬೆಳಕೇ ಇಲ್ಲ ಮಾವ, ಇದು ಯಂತ್ರದ ಲೈಟು.
"ಅದೇ ಹೇಳ್ದೆ. ನಮ್ಮವು ಕೆಟ್ಟಾಗ ಹಿಂಗೇ ನಿಲ್ತಿದ್ವಿ.
ಓಡಬಾರ್ದು. ಗಾಳಿ ಎತ್ತಲಿಂದ ಬರ್ತೈತೋ ಅತ್ತ ಮುಖ.
ಕೈ ಮುಂದೆ. ಬೆರಳು ಬಿಡಿಸ್ಕಂಡು."
ಕಣ್ಣು ಮುಚ್ಚಿ, ಒಂದು ಕೈ ಚಾಚಿ,
ಇನ್ನೊಂದರಲ್ಲಿ ಕೋಲು ಊರಿ ತೋರಿಸಿದ.
ಅವನಿಗೂ ಮೂರು ಕಾಲು. ನಾನು ಹೇಳಲಿಲ್ಲ.

ಅಷ್ಟರಲ್ಲಿ ಯಂತ್ರ ಹತ್ತಿರ ಸರಿಯಿತು,
ಬೆಳಕು ಸುಣ್ಣದ ಹಾಗೆ ಅದರ ಮೈಮೇಲೆ.
"ಲೈಟ್ ಆರಿಸ್ರೋ!" ಮಾವ ಕೂಗಿದ,
ಹೋದ ವರ್ಷದ, ಎರಡು ಮೈಲಿ ಆಳದ ನೀರಿಗೆ.
ಮೀನು ಕೋಲು ಕಿತ್ತುಕೊಂಡು, ಬೇಸರದಲ್ಲಿ ಎದ್ದವರಂತೆ,
ಚೌಕಟ್ಟಿನಾಚೆ ಹೋಯಿತು.
ಕೆಸರಿನಲ್ಲಿ ಮೂರು ತೂತು, ನಿಧಾನ ಮುಚ್ಚಿಕೊಳ್ಳುತ್ತ.

ವರ್ತನೆ ಅನ್ನುವ ಕಾಲಮ್ಮಿನಲ್ಲಿ ನಾಲ್ಕೇ ಆಯ್ಕೆ:
ಈಜು, ಬೇಟೆ, ವಿಶ್ರಾಂತಿ, ಪಲಾಯನ.
ಷರಾದಲ್ಲಿ ಬರೆದೆ: ನಿಂತಿತ್ತು. ನಾವು ಬಂದೆವು.

"ಹಿಂದಕ್ಕೆ ತಿರುಗ್ಸು. ನಿಂತದ್ದಷ್ಟೇ ತೋರ್ಸು."
ತೋರಿಸಿದೆ. ಆರಿ ಕೆನೆಗಟ್ಟಿದ ಟೀಯನ್ನು ಪೂರ್ತಿ ಕುಡಿದ.
ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ,
"ಅದರ ಶಿಫ್ಟು ಮುಗಿಯೋದು ಎಷ್ಟೊತ್ತಿಗೆ?"