ನಡಾವಳಿ

ಶಾಲೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮಡಚುಕುರ್ಚಿ ಅರವತ್ತೆಂಟು.
ನಾನೇ ಹಾಕಿದ್ದು, ಬೆಳಿಗ್ಗೆ ಆರಕ್ಕೆ ಬಂದು,
ಹಲಗೆನೆಲ ಗೀರಬಾರದೆಂದು ಒಂದೊಂದನ್ನೂ ಎತ್ತಿಟ್ಟು.
ಹೊರಗೆ ನೆಬ್ರಾಸ್ಕಾದ ಮಾರ್ಚ್ ಗಾಳಿ
ಧ್ವಜದ ಹಗ್ಗವನ್ನು ಕಂಬಕ್ಕೆ ಬಡಿಯುತ್ತಿತ್ತು,
ಟಣ್, ಟಣ್, ಯಾರೋ ಬಾಗಿಲಲ್ಲಿ ನಿಂತ ಹಾಗೆ.

ವರ್ಲಿನ್ ವೊಂದ್ರಾ, ರಿಪಬ್ಲಿಕನ್ ಕೌಂಟಿ ಸಮಿತಿಯ ಕಾರ್ಯದರ್ಶಿ.
ಹದಿನಾಲ್ಕು ವರ್ಷದ ಹಿಂದೆ, ಅಕ್ಷರ ಚೆನ್ನಾಗಿದೆಯೆಂದು ಆರಿಸಿದರು,
ಆಮೇಲೆ ಬದಲಿಸಲು ಮರೆತರು.

ಹನ್ನೊಂದನೇ ಕಲಮು:
‘ಮದುವೆಯೆಂದರೆ ಒಬ್ಬ ಗಂಡು, ಒಬ್ಬಳು ಹೆಣ್ಣು.’
ಅಧ್ಯಕ್ಷ ಗೇಲನ್ ಓದಿದ. ನನ್ನ ಕಡೆ ನೋಡಲಿಲ್ಲ.
ನೋಡದಿರುವುದಕ್ಕೂ ಕತ್ತು ತಿರುಗಿಸಬೇಕಾಗುತ್ತದೆ.
ಒಪ್ಪುವವರು ಕೈ ಎತ್ತಿ, ಅಂದ.
ಎಣಿಸುವವನು ನಾನು.

ಎಣಿಸಿದೆ.
ಅಪ್ಪ ಸತ್ತ ವಾರ ನಮ್ಮ ಮೆಕ್ಕೆಜೋಳ ಕೊಯ್ದು ಕೊಟ್ಟ ಕೈ ಒಂದು.
ಹಿಮದಲ್ಲಿ ಹೂತ ನನ್ನ ಟ್ರಕ್ಕನ್ನು ಎಳೆದ ಕೈ,
ಕಾಳಿನ ಯಂತ್ರ ಎರಡು ಬೆರಳು ತಿಂದದ್ದು,
ಅದನ್ನೂ ಇಡಿಯಾಗಿ ಒಂದೆಂದೇ ಎಣಿಸಿದೆ.
ಓಪಲ್ ಬ್ರಾಂಡ್‌ವೋಲ್ಡ್ ಅಜ್ಜಿಯ ಕೈ ಪೂರ್ತಿ ಮೇಲೇಳದೆ
ಕಿವಿಯ ಹತ್ತಿರ ನಡುಗುತ್ತಿತ್ತು.
ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೆಂದು ಬಿಟ್ಟುಬಿಡಲು ಮನಸ್ಸಾಯಿತು.
ಬಿಡಲಿಲ್ಲ. ಲೆಕ್ಕ ಲೆಕ್ಕವೇ.

ಐವತ್ತೊಂಬತ್ತು.

ಊರಿಗೆ ಆರ್ಲೋ ನನ್ನ ‘ಬಾಡಿಗೆಯವನು’,
ಹತ್ತೊಂಬತ್ತು ವರ್ಷದಿಂದ.
ಪ್ರತಿ ತಿಂಗಳು ಒಂದನೇ ತಾರೀಖು
ಫ್ರಿಜ್ಜಿನ ಬಾಗಿಲಿಗೆ ಒಂದು ಡಾಲರು ಅಂಟಿಸುತ್ತಾನೆ, ನನ್ನನ್ನು ನಗಿಸಲು.
ಅದೇ ಡಾಲರು, ಅದೇ ಅಯಸ್ಕಾಂತ.
ಇವತ್ತು ಬೂಟು ಹಾಕಿಕೊಳ್ಳುವಾಗ ಮಾತ್ರ ನಗಿಸಲಿಲ್ಲ:
‘ನಿನ್ನನ್ನು ಹೊರಗಿಡಲು ಬೇಲಿ ಹಾಕುವವರಿಗೆ
ಗೂಟ ಹೊತ್ತುಕೊಡುತ್ತೀಯಲ್ಲ, ವರ್ಲಿನ್.’

ನಾನಂದೆ: ಅಪ್ಪನ ನೆಲ, ತೆರಿಗೆಯ ಸಿಟ್ಟು,
ವಾಷಿಂಗ್ಟನ್ನಿನವರು ಕೈಹಾಕದಿದ್ದರೆ ಸಾಕೆನ್ನುವ ಹಟ,
ಅದೆಲ್ಲ ಯಾರೂ ನನಗೆ ತೊಡಿಸಿದ್ದಲ್ಲ, ನನ್ನದೇ.
ಹಾಸಿಗೆಯೊಂದನ್ನು ಬಿಟ್ಟು ಎಲ್ಲದರಲ್ಲೂ
ಸರ್ಕಾರ ಸುಮ್ಮನಿರಲಿ ಅನ್ನುತ್ತಾರೆ ಅವರು.
ಹಾಸಿಗೆಯನ್ನೂ ಸೇರಿಸಿ ಅನ್ನುತ್ತೇನೆ ನಾನು.
ಇಷ್ಟೇ ವ್ಯತ್ಯಾಸ.
‘ಇಷ್ಟನ್ನೇ ಅವರಿಗೆ ಹೇಳು’ ಅಂದ, ಬಾಗಿಲು ಹಿಡಿದು.

ಒಮಾಹಾದಲ್ಲಿ ನಮ್ಮಂಥವರ ಮನೆಯೊಂದರಲ್ಲಿ
ನನ್ನ ಪಕ್ಷದ ಹೆಸರು ಕೇಳಿ ಗ್ಲಾಸು ಕೆಳಗಿಟ್ಟವರಿದ್ದಾರೆ.
ಅಲ್ಲಿ ಅದನ್ನು ಮುಚ್ಚಿಡುತ್ತೇನೆ, ಇಲ್ಲಿ ಇದನ್ನು.
ಎರಡು ದೋಣಿಗೆ ಕಾಲಿಟ್ಟವನು ಎಂದರೆ ಏನೆನ್ನಲಿ?
ಈ ಬಯಲಲ್ಲಿ ನೀರೆಲ್ಲಿದೆ.
ನಡೆದೇ ಹೋಗಬೇಕು, ಎರಡನ್ನೂ ತಲೆಮೇಲೆ ಹೊತ್ತು.

ವಿರೋಧಿಸುವವರು?
ಗೇಲನ್ ಆಗಲೇ ಹಾಳೆ ಮಗುಚಿದ್ದ.
ಪೆನ್ನು ಹಿಡಿದ ಕೈಯೇ ಎದ್ದಿತು,
ಇಳಿಸಿ, ಪೆನ್ನಿಟ್ಟು, ಮತ್ತೆ ಎತ್ತುವಷ್ಟು ಪುರುಸೊತ್ತಿರಲಿಲ್ಲ.
ಕಾಫಿಯ ಕೊಳಗ ಗೊರಗೊರ ಅಂದಿತು.
‘ತಿದ್ದುಪಡಿಯೇ, ವರ್ಲಿನ್?’
‘ಅಲ್ಲ. ಮತ.’

ಬರೆದೆ, ನನ್ನ ಆ ಒಳ್ಳೆಯ ಅಕ್ಷರದಲ್ಲಿ:
ಪರ, ಐವತ್ತೊಂಬತ್ತು. ವಿರೋಧ, ಒಂದು.
ಕಲಮು ಅಂಗೀಕಾರವಾಯಿತು.
‘ಒಂದು’ ಎಂಬಲ್ಲಿ ಶಾಯಿ ತುಸು ದಪ್ಪವಾಯಿತು. ಹಾಗೇ ಬಿಟ್ಟೆ.

ಎಲ್ಲರೂ ಹೋದ ಮೇಲೆ ಕುರ್ಚಿ ಮಡಚುತ್ತಿದ್ದೆ.
ಓಪಲ್ ಒಬ್ಬಳೇ ನಿಂತಿದ್ದಳು, ಕೋಟಿನ ಗುಂಡಿ ಹುಡುಕುತ್ತ.
‘ನಿನ್ನ ಬಾಡಿಗೆಯವನ ಮಂಡಿ ಹೇಗಿದೆ?’
ಬಾಡಿಗೆಯವನಲ್ಲ, ಅಂದೆ.
‘ಗೊತ್ತು. ನಾನು ಕೇಳಿದ್ದು ಮಂಡಿಯ ಸುದ್ದಿ.’

ಆ ಕೈಯನ್ನೇ ನೋಡಿದೆ. ಗುಂಡಿ ಸಿಕ್ಕಿರಲಿಲ್ಲ ಇನ್ನೂ.
ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ.
ಬಾಗಿ ಗುಂಡಿ ಹಾಕಿಕೊಟ್ಟೆ.
ಮೆಟ್ಟಿಲು ಹತ್ತುತ್ತಾನೆ, ಅಂದೆ.
ಇಳಿಯುವುದೇ ಕಷ್ಟ.